ಗುರುಸಿದ್ದ ಬಿಗಿಯದೆ ಬಿಟ್ಟ ಬೋಲ್ಟುಗಳು

ಗುರುಸಿದ್ದ ತೀರಿಕೊಂಡ ಸುದ್ದಿ ಬಂದಾಗ ಶಂಭುಲಿಂಗಪ್ಪ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ಬಿಲ್ವಪತ್ರೆ. ಪೂಜೆಯ ಹೊತ್ತಿನಲ್ಲಿ ಅವರು ಫೋನು ಮುಟ್ಟುವವರಲ್ಲ. ಹೆಂಡತಿ ಅಂಕಮ್ಮನೇ ಎತ್ತಿಕೊಂಡು, ಹೂಂ ಹೂಂ ಎಂದು ಕೇಳಿಸಿಕೊಂಡು, ದೇವರ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಬ್ಯಾಟರಿ ಅಂಗಡಿ ಪಿಳ್ಳಣ್ಣ ಫೋನ್ ಮಾಡಿದ್ದು. ಗುರುಸಿದ್ದ ಬೆಳಗಿನ ಜಾವ ಹೋಗ್ಬಿಟ್ನಂತೆ. ಎದೆ ನೋವು ಅಂದನಂತೆ, ಆಸ್ಪತ್ರೆ ಬಾಗಿಲು ಮುಟ್ಟೋದ್ರೊಳಗೆ ಆಗ್ಹೋಯ್ತಂತೆ."

ಶಂಭುಲಿಂಗಪ್ಪ ಲಿಂಗದಿಂದ ಕಣ್ಣು ಕೀಳಲಿಲ್ಲ. ನಲವತ್ತು ವರ್ಷದ ಜೊತೆಗಾರ. ಕಲಾಸಿಪಾಳ್ಯದ ಒಂದು ಗ್ಯಾರೇಜಿನಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಇಬ್ಬರೂ ಸ್ಪ್ಯಾನರು ಹಿಡಿಯಲು ಕಲಿತವರು. ತನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಬಾಯಿ ತುಂಬ 'ಅಣ್ಣ' ಎಂದು ಕರೆಯುತ್ತಿದ್ದವನು. ಅವರ ಕಣ್ಣು ತುಂಬಿ ಬಂತು, ಅದು ಸುಳ್ಳಲ್ಲ. ಆದರೆ ಕಣ್ಣೀರಿಗಿಂತ ಒಂದು ಗಳಿಗೆ ಮುಂಚೆ ಮನಸ್ಸಿಗೆ ಬಂದದ್ದು ಬೇರೆ: ಇನ್ನು ಆ ಹಳದಿ ಕಾರು ನನ್ನ ಹತ್ತಿರ ಬರಲೇಬೇಕು.

ಲಿಂಗ ಕೈಯಲ್ಲಿರುವಾಗ ಇಂಥದ್ದನ್ನು ನೆನೆದೆನಲ್ಲ ಎಂದು ಅವರ ಮೈ ಜುಮ್ಮೆಂದಿತು. ಪತ್ರೆ ಏರಿಸಿ, ವಿಭೂತಿ ಹಚ್ಚಿಕೊಂಡು, ಪೂಜೆಯನ್ನು ಹೇಗೋ ಮುಗಿಸಿ ಎದ್ದರು. ಅಂದು ಮಧ್ಯಾಹ್ನ ರುದ್ರಭೂಮಿಯಲ್ಲಿ ಗುರುಸಿದ್ದನನ್ನು ಕೂರಿಸಿ ಮಣ್ಣು ಕೊಡುವಾಗ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಹಿರಿಯರು, ಎಷ್ಟು ಹಚ್ಚಿಕೊಂಡಿದ್ದರು ನೋಡಿ ಎಂದು ಜನ ಮಾತಾಡಿಕೊಂಡರು.

ಹಚ್ಚಿಕೊಂಡಿದ್ದು ನಿಜ. ಹೊಟ್ಟೆಕಿಚ್ಚೂ ಅಷ್ಟೇ ನಿಜ.

ಶಂಭುಲಿಂಗಪ್ಪನವರದು ಬಿಟಿಎಂ ಲೇಔಟಿನಲ್ಲಿ ದೊಡ್ಡ ಗ್ಯಾರೇಜು. ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ಎರಡು ಕಂಬದ ಲಿಫ್ಟು, ಚಕ್ರಗಳ ಓರೆಕೋರೆ ತಿದ್ದಲು ಕಂಪ್ಯೂಟರು ಕೂಡಿಸಿದ ಅಲೈನ್‌ಮೆಂಟ್ ಯಂತ್ರ, ಪುಣೆಗೆ ಹೋಗಿ ತರಬೇತಿ ಪಡೆದದ್ದಕ್ಕೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಮೂರು ಸರ್ಟಿಫಿಕೇಟು. ಗುರುಸಿದ್ದನದು ತಿಲಕ್ ನಗರದ ಒಂದು ಸಂದಿಯಲ್ಲಿ ತಗಡಿನ ಶೆಡ್ಡು. ಅಲ್ಲಿ ಲಿಫ್ಟಿಲ್ಲ, ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ. ಕಾರು ಗುಂಡಿಯ ಎರಡು ಅಂಚಿನ ಮೇಲೆ ತನ್ನ ಚಕ್ರದ ಮೇಲೇ ನಿಲ್ಲುತ್ತಿತ್ತು, ಗುರುಸಿದ್ದ ಕೆಳಗಿಳಿದು ತಲೆ ಎತ್ತಿ ಕೆಲಸ ಮಾಡುತ್ತಿದ್ದ. ಆದರೂ 'ನನ್ನ ಕಾರು ಕುಲುಕುತ್ತೆ, ಹಂಪಿನ ಮೇಲೆ ಕುಟ್ಟುತ್ತೆ' ಎನ್ನುವವರೆಲ್ಲ ಹೋಗುತ್ತಿದ್ದದ್ದು ಆ ಸಂದಿಗೆ. ಗುರುಸಿದ್ದ ಎಡಗಡೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟು, "ಓಡಿಸಿ ಸಾರ್" ಎನ್ನುವನು. ನಾಲ್ಕು ಹಂಪು ದಾಟುವಷ್ಟರಲ್ಲಿ, "ಹಿಂದಿನ ಎಡಗಡೆ ಶಾಕಪ್ ಹೋಗಿದೆ, ಮುಂದಿನದು ಇನ್ನೊಂದು ವರ್ಷ ಬರತ್ತೆ" ಎಂದು ಹೇಳಿಬಿಡುವನು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಶಂಭುಲಿಂಗಪ್ಪನವರು ಇದನ್ನು ಎಷ್ಟೋ ಸಲ ಗುಟ್ಟಾಗಿ ಮಾಡಿ ನೋಡಿದ್ದರು. ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿತ್ತೇ ಹೊರತು ಬೇರೇನೂ ತಿಳಿಯುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಗುರುಸಿದ್ದ ಪ್ರತಿಯೊಬ್ಬ ಗಿರಾಕಿಗೂ, "ಅಲೈನ್‌ಮೆಂಟ್ ಮಾತ್ರ ಬಿಟಿಎಂನಲ್ಲಿ ನಮ್ಮ ಶಂಭಣ್ಣನ ಹತ್ರನೇ ಮಾಡ್ಸಿ ಸಾರ್, ಅವರಷ್ಟು ಚೆನ್ನಾಗಿ ಯಾರೂ ಮಾಡಲ್ಲ" ಎಂದು ಹೇಳಿ ಕಳಿಸುತ್ತಿದ್ದ. ಪ್ರೀತಿಯಿಂದಲೇ ಕಳಿಸುತ್ತಿದ್ದ. ಆ ಪ್ರೀತಿಯೇ ಇವರಿಗೆ ಹೆಚ್ಚು ಉರಿಯುತ್ತಿತ್ತು. ಇನ್ನೊಬ್ಬ ಉಂಡೆದ್ದ ಎಲೆಯಲ್ಲಿ ತನಗೆ ಬಡಿಸುತ್ತಿದ್ದಾನೆ ಎನಿಸುತ್ತಿತ್ತು.

ಹಳದಿ ಕಾರಿನ ಕಥೆ ಇದರ ಮೇಲೆ ತುಪ್ಪ ಸುರಿದಂತಾಯಿತು. ಅದು ಜೆ.ಪಿ. ನಗರದ ಶಿವಕಿರಣ್ ಎಂಬ ಹಲ್ಲಿನ ಡಾಕ್ಟರದು. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರು. ಗಾಜಿನಂಥ ರಸ್ತೆಯಲ್ಲಿ ಬಾಣದ ಹಾಗೆ ಹೋಗುತ್ತದೆ. ನಮ್ಮ ರಸ್ತೆಯಲ್ಲಾದರೆ ಒಂದೊಂದು ಹಂಪೂ ಕೂತವರ ಬೆನ್ನುಮೂಳೆ ಎಣಿಸುತ್ತದೆ. ಡಾಕ್ಟರ ತಾಯಿ ವಿಮಲಾ ಅವರು ನಿವೃತ್ತ ಶಾಲಾ ಶಿಕ್ಷಕಿ. ಪ್ರತಿ ಶುಕ್ರವಾರ ಕ್ಲಿನಿಕ್ಕಿಗೆ ಮುಂಚೆ ತಾಯಿಯನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು ಮಗನ ರೂಢಿ. ವಾರದಲ್ಲಿ ತಾಯಿ ಮಗ ಒಟ್ಟಿಗೆ ಕೂತು ಮಾತಾಡುವುದು ಆ ಒಂದು ಗಂಟೆ ಮಾತ್ರ. ಹೋದ ವರ್ಷ ವಿಮಲಾ ಅವರಿಗೆ ಬೆನ್ನಿನ ಆಪರೇಷನ್ ಆಯಿತು. ಆಮೇಲೆ ಆ ಕಾರಿನಲ್ಲಿ ಕೂರಲು ಆಗದಾಯಿತು. ಮಗ ಮಾರುತ್ತೇನೆ ಎಂದರೆ ತಾಯಿ, "ಓದೋ ಕಾಲದಿಂದ ಗೋಡೆಗೆ ಚಿತ್ರ ಅಂಟಿಸ್ಕೊಂಡಿದ್ದ ಕಾರು, ನನ್ನ ಬೆನ್ನಿಗೋಸ್ಕರ ಮಾರಬೇಡ" ಎಂದರಂತೆ.

ಡಾಕ್ಟರು ಮೊದಲು ಬಂದದ್ದು ಶಂಭುಲಿಂಗಪ್ಪನವರ ಹತ್ತಿರವೇ. ಇವರು ಕಾರನ್ನೊಮ್ಮೆ ಸುತ್ತಿ ನೋಡಿ, "ಸ್ಪೋರ್ಟ್ಸ್ ಕಾರು ಅಂದ್ರೆ ಹೀಗೇ ಇರೋದು ಸಾರ್. ಮೆತ್ತಗೆ ಬೇಕು ಅಂದ್ರೆ ಬೇರೆ ಕಾರೇ ತಗೋಬೇಕು" ಎಂದಿದ್ದರು. ಅದೇ ಸಂಜೆ ಡಾಕ್ಟರು ತಿಲಕ್ ನಗರಕ್ಕೆ ಹೋದರು. ಗುರುಸಿದ್ದ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅಮ್ಮ ಎಷ್ಟು ತೂಕ ಇದ್ದಾರೆ ಸಾರ್?"

ಆ ಮಾತು ಪಿಳ್ಳಣ್ಣನ ಬಾಯಿಂದ ಬಿಟಿಎಂವರೆಗೂ ಬಂತು. ಪಿಳ್ಳಣ್ಣನದು ಗುಂಡಿಯ ಎದುರಿಗೇ ಬ್ಯಾಟರಿ ಅಂಗಡಿ. ಅವನಿಗೆ ತಿಳಿದದ್ದು ಸಂಜೆಯೊಳಗೆ ದಕ್ಷಿಣ ಬೆಂಗಳೂರಿನ ಗ್ಯಾರೇಜುಗಳಿಗೆಲ್ಲ ತಿಳಿಯುತ್ತದೆ. ಆಮೇಲೆ ಗುರುಸಿದ್ದ ಹೊರಗಿನ ಕಂಪನಿಯ ಸ್ಪ್ರಿಂಗು, ಕುಲುಕಾಟ ನುಂಗುವ ಶಾಕಪ್ ತರಿಸಿದ ಸುದ್ದಿ ಬಂತು. ಮೂಲದ್ದಕ್ಕಿಂತ ಮೆತ್ತನೆಯ ಸ್ಪ್ರಿಂಗು. ಶಾಕಪ್ಪಿನ ತಲೆಯ ಮೇಲೆ ಗಡಸು ಮೆದು ಮಾಡಿಕೊಳ್ಳಲು ತಿರುಪು. ಬಳೆಯಷ್ಟು ತೆಳ್ಳಗಿದ್ದ ಟೈರು ತೆಗೆಸಿ, ಚಕ್ರ ಒಂದು ಇಂಚು ಕಿರಿದು ಮಾಡಿ, ದಪ್ಪ ಟೈರು ಹಾಕಿಸಿದನಂತೆ. ಶಂಭುಲಿಂಗಪ್ಪ ಇದನ್ನೆಲ್ಲ ಕೇಳಿ ನಕ್ಕುಬಿಟ್ಟಂತೆ ಮಾಡಿದರು. ಆ ವಾರ ನಾಲ್ಕು ಸಲ ತಿಲಕ್ ನಗರದ ಆ ಸಂದಿಯಲ್ಲಿ ಹಾದು ಬಂದರು. ಕೇಳಿದರೆ ಹೂವು ತರಲು ಎನ್ನುತ್ತಿದ್ದರು.

ಗುರುಸಿದ್ದ ಹೋದದ್ದು ಮಂಗಳವಾರ. ಗುರುವಾರ ಬೆಳಿಗ್ಗೆ ಹಳದಿ ಕಾರು ಮೆಲ್ಲಗೆ ಬಂದು ಶಂಭುಲಿಂಗಪ್ಪನವರ ಗ್ಯಾರೇಜಿನ ಮುಂದೆ ನಿಂತಿತು.

"ಗುರುಸಿದ್ದ ಅವರು ಹೀಗಾಗೋಯ್ತು ಅಂಕಲ್" ಎಂದ ಶಿವಕಿರಣ್. "ಆ ಮನೇಲಿ ಈಗ ಕೇಳೋ ಹಾಗಿಲ್ಲ. ಶೆಡ್ಡಿನ ಬೀಗ ಪಿಳ್ಳಣ್ಣ ತೆಗೆದುಕೊಟ್ರು. ಕೆಲಸ ಆಗಿದೆ ಅನ್ಸತ್ತೆ, ನೀವು ಒಂದ್ಸಲ ಎಲ್ಲಾ ನೋಡಿ ಅಲೈನ್‌ಮೆಂಟ್ ಮಾಡ್ಕೊಡಿ. ನಾಳೆ ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದೀನಿ."

"ಕೂತ್ಕೊಳ್ಳಿ ಸಾರ್. ಕಾಫಿ ತರಿಸ್ತೀನಿ" ಎಂದರು ಶಂಭುಲಿಂಗಪ್ಪ. ಅವರ ಎದೆ ಮದುವೆಗಂಡಿನ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ಕಾರು ಲಿಫ್ಟಿನ ಮೇಲೆ ಏರಿತು. ನಾಲ್ಕು ಚಕ್ರಗಳೂ ಗಾಳಿಯಲ್ಲಿ ಜೋತುಬಿದ್ದವು. ಶಂಭುಲಿಂಗಪ್ಪ ಕನ್ನಡಕ ಏರಿಸಿಕೊಂಡು, ಟಾರ್ಚು ಹಿಡಿದು ಕೆಳಗೆ ನಿಂತರು. ಕೆಲಸ ನೋಡಿದರೆ ಕೈ ಮುಗಿಯುವಂತಿತ್ತು. ಒಂದು ಪೈಪು ಅಲುಗಿಲ್ಲ, ಒಂದು ವೈರು ಉಜ್ಜುತ್ತಿಲ್ಲ. ತಪ್ಪು ಹುಡುಕುತ್ತ ಹುಡುಕುತ್ತ ಅವರ ಟಾರ್ಚು ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಆರ್ಮುಗಳ ಒಳತುದಿಗೆ ಬಂತು. ಆ ತುದಿಯಲ್ಲಿ ರಬ್ಬರಿನ ಬುಷ್ಷು ಇರುತ್ತದೆ, ಅದರ ನಡುವೆ ಒಂದು ಬೋಲ್ಟು ಹಾಯುತ್ತದೆ. ಬೋಲ್ಟಿಗೆ ಸ್ಪ್ಯಾನರು ಹಾಕಿದರು. ತಿರುಗಿತು. ಇನ್ನೊಂದಕ್ಕೆ ಹಾಕಿದರು. ಅದೂ ತಿರುಗಿತು. ಎಂಟಕ್ಕೆ ಎಂಟೂ ಕೈಬಿಗಿಗಿಂತ ಕೊಂಚ ಹೆಚ್ಚು, ಅಷ್ಟೆ.

ಎಂಟು ಬೋಲ್ಟಿನ ತಲೆಯ ಮೇಲೂ ಬಿಳಿ ಚಾಕಿನಲ್ಲಿ ಎಳೆದ ಅಡ್ಡಗೆರೆ ಇತ್ತು.

ಆ ಗೆರೆ ಏನೆಂದು ಅವರಿಗೆ ಗೊತ್ತು. ಕಲಾಸಿಪಾಳ್ಯದ ಉಸ್ತಾದರ ಪಾಠ ಅದು. ಬಿಗಿ ಮಾಡುವುದು ಬಾಕಿ ಇದ್ದರೆ ಚಾಕ್ ಎಳೆಯಬೇಕು. ಬಿಗಿ ಮಾಡಿದ ಮೇಲೆ ಒರೆಸಬೇಕು. ಅಡ್ಡಗೆರೆ ಇರುವ ಬೋಲ್ಟು ಮರೆತ ಬೋಲ್ಟಲ್ಲ, ನೆನಪಿಟ್ಟು ಬಿಟ್ಟ ಬೋಲ್ಟು. ಗುರುಸಿದ್ದ ಏನಕ್ಕೋ ಕಾದಿದ್ದ.

ಶಂಭುಲಿಂಗಪ್ಪ ಹಿಂದೆ ತಿರುಗಿ ನೋಡಿದರು. ಡಾಕ್ಟರು ಫೋನಿನಲ್ಲಿದ್ದರು. ಹುಡುಗರು ಬೇರೊಂದು ಕಾರಿನ ಕೆಳಗಿದ್ದರು. ಇವರ ಹೆಬ್ಬೆರಳು ತಾನೇ ಎದ್ದು ಹೋಗಿ ಮೊದಲನೆಯ ಗೆರೆ ಒರೆಸಿತು. ಎರಡನೆಯದನ್ನು ಒರೆಸುವ ಮುಂಚೆ ಇನ್ನೊಮ್ಮೆ ಹಿಂದೆ ತಿರುಗಿ ನೋಡಿದರು. ಎಂಟನೆಯದಕ್ಕೆ ಬರುವಷ್ಟರಲ್ಲಿ ತಿರುಗಿ ನೋಡುವುದನ್ನೂ ಬಿಟ್ಟಿದ್ದರು.

"ಸಾರ್, ಇಲ್ಲಿ ಬನ್ನಿ" ಎಂದು ಕೂಗಿದರು. "ಇದನ್ನ ನೋಡಿ. ಎಂಟು ಬೋಲ್ಟೂ ಲೂಸು. ತಪ್ಪು ತಿಳ್ಕೋಬೇಡಿ, ಹೋದವರ ಬಗ್ಗೆ ಮಾತಾಡಬಾರದು. ಆದ್ರೆ ಇದರಲ್ಲಿ ಅಮ್ಮನ್ನ ಕೂರಿಸ್ಕೊಂಡು ಹೊರಟಿದ್ರಲ್ಲ ನೀವು."

ಶಿವಕಿರಣ್ ಮುಖ ಬಿಳಿಚಿಕೊಂಡ. "ಗುರುಸಿದ್ದ ಅವರು ಹೀಗೆ ಮಾಡ್ತಾರಾ?"

"ವಯಸ್ಸಾಯ್ತಲ್ಲ ಸಾರ್. ಗುಂಡಿ ಒಳಗೆ ಕಣ್ಣೂ ಕಾಣಲ್ಲ."

ಆ ಮಾತು ಬಾಯಿಂದ ಹೊರಟಾಗ ನಲವತ್ತು ವರ್ಷದಿಂದ ಎದೆಯೊಳಗೆ ಕೂತಿದ್ದ ಗಂಟೊಂದು ಸಡಿಲವಾದಷ್ಟು ಹಾಯೆನಿಸಿತು. ಡಾಕ್ಟರು ನೋಡುತ್ತಿದ್ದಂತೆಯೇ ದೊಡ್ಡ ಟಾರ್ಕ್ ರೆಂಚು ತಂದು, ಪುಸ್ತಕದಲ್ಲಿ ಬರೆದಷ್ಟೇ ಬಿಗಿಗೆ, ಕಟಕ್ ಎಂದು ಸದ್ದು ಬರುವವರೆಗೆ ಒಂದೊಂದನ್ನೂ ಎಳೆದರು. ಎಂಟು ಕಟಕ್. ಆಮೇಲೆ ಕಾರು ಇಳಿಸಿ ಅಲೈನ್‌ಮೆಂಟ್ ಮಾಡಿ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಡಾಕ್ಟರ ಫೋನು ಬಂತು.

"ಅಂಕಲ್, ಮೊದಲಿಗಿಂತ ಕಡೆ ಆಗಿದೆ. ಬನಶಂಕರಿ ಮುಟ್ಟೋದ್ರೊಳಗೆ ಎರಡು ಸಲ ನಿಲ್ಲಿಸಿದೆ. ಅಮ್ಮ ದೇವಸ್ಥಾನದ ಹತ್ರ ಇಳಿಯೋಕೇ ಆಗ್ಲಿಲ್ಲ, ಕಾರಲ್ಲೇ ಕೈ ಮುಗಿದ್ರು."

ಶಂಭುಲಿಂಗಪ್ಪ ಕಾರು ತರಿಸಿಕೊಂಡು ಶಾಕಪ್ಪಿನ ತಿರುಪನ್ನು ನಾಲ್ಕು ಹಲ್ಲು ಸಡಿಲಿಸಿದರು. ಕಾರು ದೋಣಿಯ ಹಾಗೆ ತೂಗಾಡಿತು, ಹಂಪಿನ ಮೇಲೆ ಮಾತ್ರ ಕುಟ್ಟುವುದು ಬಿಡಲಿಲ್ಲ. ಬುಡದಲ್ಲೇ ಏನೋ ಹಿಡಿದು ನಿಂತಂತಿತ್ತು. "ಮೂಲ ಫಿಟ್ಟಿಂಗೇ ಸರಿ ಇಲ್ಲ ಸಾರ್" ಎಂದುಬಿಟ್ಟರು. "ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕ್ಸಿ. ನಾನು ಮೊದಲೇ ಹೇಳಿದ್ದೆ."

ಬ್ಯಾಟರಿ ಕೊಡಲು ಬಂದಿದ್ದ ಪಿಳ್ಳಣ್ಣ ಇದನ್ನು ಕೇಳಿಸಿಕೊಂಡ. "ಏನ್ ಶಂಭಣ್ಣ, ಗುರುಸಿದ್ದನ ಕೈಯಲ್ಲೂ ಹಿಂಗಾಗತ್ತಾ?" ಎಂದ. ಶಂಭುಲಿಂಗಪ್ಪ ನಿಟ್ಟುಸಿರು ಬಿಟ್ಟು ತಲೆ ಅಲ್ಲಾಡಿಸಿದರು. ಪಿಳ್ಳಣ್ಣನಿಗೆ ಅಷ್ಟು ಸಾಕಾಗಿತ್ತು.

ಹನ್ನೊಂದನೆಯ ದಿನ ಶಿವಗಣಾರಾಧನೆ. ಗುರುಸಿದ್ದನ ಮನೆಯ ಮುಂದೆ ಶಾಮಿಯಾನ ಹಾಕಿ, ಜಂಗಮರಿಗೆ ಪಾದಪೂಜೆ ಮಾಡಿ, ಬಂದವರಿಗೆ ಊಟ. ಬಡಿಸುತ್ತಿದ್ದವಳು ಅವನ ಒಬ್ಬಳೇ ಮಗಳು ಕಲ್ಯಾಣಿ. ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಆರು ವರ್ಷದಿಂದ ಅಪ್ಪನ ಜೊತೆ ಗುಂಡಿಗಿಳಿದು ಕೆಲಸ ಮಾಡಿದವಳು. ಶೆಡ್ಡನ್ನು ಅವಳೇ ನಡೆಸುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಪಂಕ್ತಿಯಲ್ಲಿ ಪಿಸುಮಾತು ಬೇರೆ ನಡೆದಿತ್ತು. ಕೊನೇ ದಿನಗಳಲ್ಲಿ ಗುರುಸಿದ್ದನಿಗೆ ಕೈ ಓಡುತ್ತಿರಲಿಲ್ಲವಂತೆ, ಬೋಲ್ಟು ಬಿಗಿ ಮಾಡದೆ ಕಾರು ಬಿಟ್ಟಿದ್ದನಂತೆ, ಮಗಳು ಪಕ್ಕದಲ್ಲೇ ಇದ್ದಳಂತೆ. ಇಬ್ಬರು ಹಳೆಯ ಗಿರಾಕಿಗಳು ಊಟ ಮುಗಿಸಿ ಬಂದು, "ಸರ್ವಿಸಿಗೆ ಇನ್ಮೇಲೆ ನಿಮ್ಮ ಹತ್ರಾನೇ ಬರ್ತೀವಿ" ಎಂದು ಶಂಭುಲಿಂಗಪ್ಪನವರಿಗೆ ಹೇಳಿ ಹೋದರು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು. ಬಾಯಲ್ಲಿದ್ದ ಹೋಳಿಗೆ ಸಿಹಿಯಾಗಿಯೇ ಇತ್ತು.

ಕೈ ತೊಳೆಯುವ ಕಡೆ ಕಲ್ಯಾಣಿ ಕಾದಿದ್ದಳು.

"ದೊಡ್ಡಪ್ಪ, ಒಂದ್ ಮಾತು. ಆ ಹಳದಿ ಕಾರಿನ ಬೋಲ್ಟ್ ಮೇಲೆ ಚಾಕ್ ಇತ್ತಾ?"

"ಚಾಕಾ?"

"ಅಪ್ಪ ಸೋಮವಾರ ಸಂಜೆ ಬೇಕಂತಲೇ ಬಿಟ್ಟಿದ್ರು. ಆ ಆಂಟಿ ಬಂದು ಕಾರಲ್ಲಿ ಕೂರ್ಬೇಕು, ಅವರು ಕೂತ ಮೇಲೆ ಕಾರು ಎಷ್ಟು ತಗ್ಗತ್ತೋ ಅಷ್ಟರಲ್ಲಿ ನಿಂತಾಗಲೇ ಬುಷ್ ಬಿಗಿ ಮಾಡ್ಬೇಕು ಅಂತ. ಅಪ್ಪಂದು ಯಾವಾಗಲೂ ಹಂಗೇ ಅಲ್ವಾ, ಕೂರೋರನ್ನ ಕೂರಿಸ್ದೆ ಬಿಗಿ ಮಾಡ್ತಿರ್ಲಿಲ್ಲ. ಮಂಗಳವಾರ ಹತ್ತು ಗಂಟೆಗೆ ಆಂಟೀನ ಕರ್ಕೊಂಡು ಬನ್ನಿ ಅಂತಷ್ಟೇ ಡಾಕ್ಟ್ರಿಗೆ ಹೇಳಿದ್ರು, ಯಾಕೆ ಅಂತ ಹೇಳಿರ್ಲಿಲ್ಲ." ಅವಳು ನೀರಿನ ಚೊಂಬನ್ನು ಅವರ ಕೈಗೆ ಕೊಟ್ಟಳು. "ಹಂಗೆ ಬಿಟ್ರೆ ಚಾಕ್ ಹಾಕ್ದೆ ಬಿಡೋರಲ್ಲ ಅವರು. ಹಾಕಿದ್ರಾ ಇಲ್ವಾ, ಅದೊಂದು ಹೇಳಿ ಸಾಕು."

ಶಂಭುಲಿಂಗಪ್ಪನವರಿಗೆ ಜೋತುಬಿದ್ದ ಚಕ್ರ ಕಣ್ಣ ಮುಂದೆ ಬಂತು. ಚಕ್ರ ಜೋತಿರುವಾಗ ಬುಷ್ಷನ್ನು ಬಿಗಿ ಮಾಡಿದರೆ ರಬ್ಬರು ಆ ಜೋತ ಜಾಗದಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಇಳಿಸಿದಾಗ ತಿರುಚಿಕೊಂಡು, ಯಾವಾಗಲೂ ಸೆಟೆದು ನಿಲ್ಲುತ್ತದೆ. ಎಷ್ಟು ಮೆತ್ತನೆಯ ಸ್ಪ್ರಿಂಗು ಹಾಕಿದರೂ ಕಾರು ಕುಟ್ಟುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ತಮ್ಮ ಹುಡುಗರಿಗೆ ತಾವೇ ಹೇಳಿಕೊಟ್ಟದ್ದು. ಅಂದು ಲೂಸು ಬೋಲ್ಟು ಕಂಡ ಸಂತೋಷದಲ್ಲಿ, ಡಾಕ್ಟರ ಕಣ್ಣೆದುರು ಎಳೆದು ತೋರಿಸುವ ಆತುರದಲ್ಲಿ, ಕಾರು ಲಿಫ್ಟಿನ ಮೇಲಿದೆ ಎಂಬುದೇ ಮರೆತಿತ್ತು.

"ಇರ್ಲಿಲ್ಲ ಮಗು" ಎಂದರು.

ಅವಳು ತಲೆ ತಗ್ಗಿಸಿದಳು. "ಹಂಗಾದ್ರೆ ಸೋಮವಾರಾನೇ ಹುಷಾರಿರ್ಲಿಲ್ಲ ಅವರಿಗೆ. ಚಾಕ್ ಮರೆಯೋಷ್ಟು. ಪಕ್ಕದಲ್ಲಿ ನಿಂತು ಟಾರ್ಚ್ ಹಿಡ್ಕೊಂಡಿದ್ದೋಳು ನಾನು, ನನಗೆ ಗೊತ್ತಾಗ್ಲಿಲ್ಲ. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ..." ಸೆರಗಿನಿಂದ ಮುಖ ಒರೆಸಿಕೊಂಡಳು. "ಶೆಡ್ಡು ಮುಚ್ಚಿಬಿಡ್ತೀನಿ ದೊಡ್ಡಪ್ಪ. ಜನ ಹೇಳೋದ್ರಲ್ಲಿ ತಪ್ಪೇನಿಲ್ಲ. ಅಂದ ಹಾಗೆ ನೀವು ಕಾರು ಇಳಿಸ್ಕೊಂಡೇ ತಾನೆ ಬಿಗಿ ಮಾಡಿದ್ದು?"

ಅಷ್ಟರಲ್ಲಿ ಯಾರೋ ಜಂಗಮರು ಹೊರಟರೆಂದು ಕರೆದರು. ಉತ್ತರ ಹೇಳುವುದು ತಪ್ಪಿತು.

ಮನೆಗೆ ಬಂದ ಶಂಭುಲಿಂಗಪ್ಪ ಅಂಗಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತರು. ಅಂಕಮ್ಮ ಎಲೆ ಅಡಿಕೆ ತಟ್ಟೆ ತಂದು ಪಕ್ಕದಲ್ಲಿ ಕೂತರು.

"ಆ ಮಗು ಶೆಡ್ಡು ಮುಚ್ಚತ್ತಂತೆ" ಎಂದರು ಇವರು.

"ನಿಮಗೆ ಬೇಕಾಗಿದ್ದೂ ಅದೇ ಅಲ್ವಾ."

"ಏನೇ ಮಾತಾಡ್ತೀಯ."

"ಇರೋದನ್ನೇ ಆಡ್ತೀನಿ. ನಮ್ಮ ಬೀದೀಲೇ ಹೂವಿನೋಳು ಕೂತಿರ್ತಾಳೆ. ಅವಳನ್ನ ದಾಟ್ಕೊಂಡು ತಿಲಕ್ ನಗರಕ್ಕೆ ಹೂವು ತರೋಕೆ ಹೋಗ್ತಿದ್ರಲ್ಲ, ಯಾವ ದೇವರಿಗೆ? ಗುರುಸಿದ್ದನ ಬಾಗಿಲಲ್ಲಿ ಎಷ್ಟು ಕಾರು ನಿಂತಿವೆ ಅಂತ ಎಣಿಸ್ಕೊಂಡು ಬಂದು, ಹೆಚ್ಚಿದ್ದ ದಿನ ಸಾರಿಗೆ ಉಪ್ಪಿಲ್ಲ ಅಂತ ನನ್ನ ಮೇಲೆ ರೇಗ್ತಿದ್ರಿ. ಮೂವತ್ತು ವರ್ಷ ಉಪ್ಪು ಸರಿಯಾಗೇ ಹಾಕಿದೀನಿ ನಾನು."

ಅಂಕಮ್ಮನಿಗೆ ಚಾಕಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೇನು ಹೇಳುತ್ತಿದ್ದರೋ. ಎಲೆಗೆ ಸುಣ್ಣ ಸವರಿ ಗಂಡನ ಕೈಗಿಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಯ ಬಾಗಿಲವರೆಗೆ ಹೋದ ಶಂಭುಲಿಂಗಪ್ಪ ಒಳಗೆ ಕಾಲಿಡಲಿಲ್ಲ. ಯಾವ ಹೆಬ್ಬೆರಳಿನಿಂದ ಆ ಗೆರೆ ಒರೆಸಿದ್ದರೋ ಅದೇ ಹೆಬ್ಬೆರಳಿನಿಂದ ಲಿಂಗಕ್ಕೆ ವಿಭೂತಿ ಹಚ್ಚಬೇಕಾಗಿತ್ತು. ಹಾಗೇ ಹಿಂದಿರುಗಿ, ಡಾಕ್ಟರಿಗೆ ಫೋನು ಮಾಡಿ, "ಸಾರ್, ಹತ್ತು ಗಂಟೆಗೆ ತಿಲಕ್ ನಗರಕ್ಕೆ ಕಾರು ತನ್ನಿ. ಅಮ್ಮನ್ನ ಕರ್ಕೊಂಡೇ ಬನ್ನಿ" ಎಂದರು. ಕಲ್ಯಾಣಿಗೂ ಶೆಡ್ಡು ತೆಗೆದಿಡಲು ಹೇಳಿದರು.

ಹತ್ತು ಗಂಟೆಗೆ ಕಾರು ಗುಂಡಿಯ ಮೇಲೆ ನಿಂತಿತು. ವಿಮಲಾ ಅವರು ನಡುವಿಗೆ ಪಟ್ಟಿ ಬಿಗಿದುಕೊಂಡು, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಎಡಗಡೆ ಕೂತಿದ್ದರು. ಶಂಭುಲಿಂಗಪ್ಪ ಎದುರಿನ ಬ್ಯಾಟರಿ ಅಂಗಡಿಯ ಕಡೆ ತಿರುಗಿ ಕರೆದರು.

"ಪಿಳ್ಳಣ್ಣ, ನೀನೂ ಬಾ."

"ನಾನ್ಯಾಕೆ ಶಂಭಣ್ಣ? ಬ್ಯಾಟರಿ ಡೌನಾ?"

"ಬಾರಯ್ಯ, ಕೇಳಿಸ್ಕೊಳ್ಳೋಕೆ."

ಪಿಳ್ಳಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಕಲ್ಯಾಣಿ ಗುಂಡಿಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಶಂಭುಲಿಂಗಪ್ಪ ಯಾರ ಮುಖವನ್ನೂ ನೋಡದೆ, ಕಾರಿನ ಚಕ್ರವನ್ನು ನೋಡುತ್ತ ಹೇಳಿದರು.

"ಗುರುಸಿದ್ದ ಬೋಲ್ಟ್ ಮರೆತಿರ್ಲಿಲ್ಲ. ಎಂಟಕ್ಕೂ ಚಾಕ್ ಹಾಕಿದ್ದ. ಒರೆಸಿದ್ದು ನಾನು. ಡಾಕ್ಟ್ರನ್ನ ಕರೆದು ತೋರಿಸೋಕೆ ಮುಂಚೆ, ಈ ಕೈಯಲ್ಲಿ. ಆಮೇಲೆ ಚಕ್ರ ಜೋತಿರೋವಾಗಲೇ ಬಿಗಿ ಮಾಡಿದ್ದೂ ನಾನೇ. ಅಮ್ಮ, ನಿಮ್ಮ ಬೆನ್ನು ನೋಯಿಸಿದ್ದು ಅವನಲ್ಲ."

ಶಿವಕಿರಣ್‌ಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ವಿಮಲಾ ಅವರು ಕಿಟಕಿಯಿಂದ ಕೇಳಿದರು:

"ಯಾಕೆ ಹಾಗೆ ಮಾಡಿದ್ರಿ?"

ಶಾಲೆಯಲ್ಲಿ ತಪ್ಪು ಮಾಡಿದವನನ್ನು ನಿಲ್ಲಿಸಿ ಕೇಳುವ ದನಿ. ಅದಕ್ಕೆ ಬೇರೆ ಉತ್ತರ ಹೊಂದುವುದಿಲ್ಲ.

"ಹೊಟ್ಟೆಕಿಚ್ಚಮ್ಮ" ಎಂದರು ಶಂಭುಲಿಂಗಪ್ಪ. "ಈ ಕಾರು ನನ್ನಿಂದ ಆಗಲ್ಲ ಅಂತ ನಾನು ಕಳಿಸ್ದೆ. ಅವನು ಆಗತ್ತೆ ಅಂದ."

ಪಿಳ್ಳಣ್ಣ ಕತ್ತು ತುರಿಸಿಕೊಂಡ. "ಬೀದಿಗೆಲ್ಲ ಹೇಳ್ಕೊಂಡು ಬಂದೆನಲ್ಲ ಶಂಭಣ್ಣ ನಾನು. ಈಗ ಇದನ್ನೂ ಹೇಳ್ಲಾ?"

"ಹೇಳು. ಒಂದು ಅಂಗಡಿನೂ ಬಿಡಬೇಡ. ಅದಕ್ಕೇ ಕರೆದದ್ದು ನಿನ್ನ."

"ನಿಮ್ಮ ಹೆಸರು ಹಾಕೇ ಹೇಳ್ತೀನಿ, ಆಮೇಲೆ ಬೈಬೇಡಿ."

"ಹಾಕು."

ಶಂಭುಲಿಂಗಪ್ಪ ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿಯಲು ಹೋದರು. ಕಲ್ಯಾಣಿ ಅಡ್ಡ ನಿಂತಳು. ಅವಳ ಮುಖದಲ್ಲಿ ಸಿಟ್ಟಿತ್ತೋ ಅಳುವಿತ್ತೋ ಅವರಿಗೆ ತಿಳಿಯಲಿಲ್ಲ. ಗುಂಡಿಯ ಕಡೆ ನೋಡುತ್ತ, "ಅಪ್ಪ ಮರೆತಿರ್ಲಿಲ್ಲ" ಎಂದಳು. ಅವರಿಗೆ ಹೇಳಿದ್ದಲ್ಲ ಅದು. ಆಮೇಲೆ ಟಾರ್ಚನ್ನು ಅವರ ಕೈಗೆ ಕೊಟ್ಟಳು. "ಬೋಲ್ಟ್ ನಾನು ನೋಡ್ತೀನಿ. ನೀವು ಬೆಳಕು ಹಿಡೀರಿ."

ಹಿರಿಯ ಮೆಕ್ಯಾನಿಕ್ಕು ಗುಂಡಿಯೊಳಗೆ ನಿಂತು, ಮಗಳ ವಯಸ್ಸಿನವಳಿಗೆ ಟಾರ್ಚು ಹಿಡಿದರು. ಮೇಲೆ ಶಿವಕಿರಣ್ ಕೂಡ ತನ್ನ ಸೀಟಿನಲ್ಲಿ ಕೂತ. ಕಲ್ಯಾಣಿ ಮೊದಲನೆಯ ಬೋಲ್ಟು ಸಡಿಲಿಸಿದಾಗ ತಿರುಚಿಕೊಂಡಿದ್ದ ರಬ್ಬರು ಕಿರ್ ಎಂದು ನರಳಿ ಬಿಟ್ಟುಕೊಂಡಿತು. ಎಂಟನ್ನೂ ಸಡಿಲಿಸುವಷ್ಟರಲ್ಲಿ ಕಾರು ಬೆರಳಿನಷ್ಟು ತಗ್ಗಿ, ತನ್ನ ಭಾರದ ಮೇಲೆ ತಾನು ಕೂತಿತು. ಅವಳು ಪಿಳ್ಳಣ್ಣನ ಕೈಯಲ್ಲಿ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಮೂರು ಮೂರು ಸಲ ಒತ್ತಿಸಿ ಬಿಡಿಸಿದಳು.

"ಇನ್ನೂ ಎಷ್ಟು ಹೊತ್ತು ಕೂರ್ಬೇಕಮ್ಮ?" ಎಂದು ಮೇಲಿಂದ ವಿಮಲಾ ಅವರು ಕೇಳಿದರು.

"ಹತ್ತು ನಿಮಿಷ ಆಂಟಿ. ಅಲ್ಲಾಡಬೇಡಿ."

"ಕ್ಲಾಸಲ್ಲಿ ನಾನು ಹೇಳ್ತಿದ್ದ ಮಾತು ಇದು" ಎಂದರು ಅವರು ಮಗನ ಕಡೆ ತಿರುಗಿ.

ಕಲ್ಯಾಣಿ ಒಂದೊಂದೇ ಬೋಲ್ಟನ್ನು ಬಿಗಿದಳು. ಆಮೇಲೆ ಶಾಕಪ್ಪಿನ ತಿರುಪನ್ನು ಅಪ್ಪ ಇಟ್ಟಿದ್ದ ಲೆಕ್ಕಕ್ಕೆ ತಂದಿಟ್ಟಳು. ಶಂಭುಲಿಂಗಪ್ಪನವರನ್ನು ಒಂದು ಮಾತೂ ಕೇಳಲಿಲ್ಲ. ಅವಳ ಕೈ ಓಡುವ ರೀತಿ ಅವರಿಗೆ ಪರಿಚಯದ್ದೇ. ಅದನ್ನು ನೋಡುತ್ತ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಕದಲಿತು. ತಪ್ಪೊಪ್ಪಿಕೊಂಡರೆ ಅದು ಆರಿಹೋಗುತ್ತದೆ ಎಂದುಕೊಂಡಿದ್ದರು. ಆರಿರಲಿಲ್ಲ.

ತಾಯಿ ಮಗ ಒಂದು ಸುತ್ತು ಹೋದರು. ತಿಲಕ್ ನಗರ ದಾಟಿ, ಬಿಳೇಕಹಳ್ಳಿಯವರೆಗೆ ಹೋಗಿ, ಮುಕ್ಕಾಲು ಗಂಟೆಯ ಮೇಲೆ ಬಂದರು. ಮೂವರೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ವಿಮಲಾ ಅವರು ಇಳಿಯಲು ಮಗನ ಕೈ ಹಿಡಿಯಲಿಲ್ಲ. ಬಾಗಿಲನ್ನೇ ಹಿಡಿದು ಮೆಲ್ಲಗೆ ಎದ್ದು ನಿಂತರು.

"ಹಂಪು ಗೊತ್ತಾಗತ್ತೆ" ಎಂದರು. "ಆದ್ರೆ ನೋಯಲ್ಲ. ಮುಂದಿನ ಶುಕ್ರವಾರ ಬನಶಂಕರಿಗೆ ಹೋಗಿ ಬರ್ತೀವಮ್ಮ. ಎರಡು ತಿಂಗಳಾದ ಮೇಲೆ ಮತ್ತೆ ತೋರಿಸ್ಬೇಕಾ?"

"ತನ್ನಿ ಆಂಟಿ" ಎಂದಳು ಕಲ್ಯಾಣಿ. "ಇಲ್ಲೇ ಇರ್ತೀನಿ."

ಶಿವಕಿರಣ್ ಶಂಭುಲಿಂಗಪ್ಪನವರ ಮುಖ ನೋಡದೆಯೇ ಹೊರಟುಹೋದ. ಕ್ಷಮೆ ಎಂಬುದು ಕೇಳಿದ ತಕ್ಷಣ ಸಿಗುವ ವಸ್ತುವಲ್ಲ ಎಂದು ಅವರಿಗೂ ಗೊತ್ತಿತ್ತು. ಪಿಳ್ಳಣ್ಣ ಆಗಲೇ ಅಂಗಡಿ ಮುಂದೆ ನಿಂತು ಯಾರಿಗೋ ಫೋನಿನಲ್ಲಿ, "ಕೇಳಿಲ್ಲಿ, ಶಂಭಣ್ಣ ಇದಾರಲ್ಲ..." ಎಂದು ಶುರು ಮಾಡಿದ್ದ. ಕಲ್ಯಾಣಿ ಮುಂದಿನ ಕಾರಿನ ಕೀಲಿ ಹುಡುಕುತ್ತಿದ್ದಳು. ಶಂಭುಲಿಂಗಪ್ಪ ಹೊರಡುತ್ತೇನೆ ಎಂದಾಗ, "ಅಲೈನ್‌ಮೆಂಟ್‌ಗೆ ನಿಮ್ಮ ಹತ್ರಾನೇ ಕಳಿಸ್ತೀನಿ" ಎಂದಳು ತಲೆ ಎತ್ತದೆ. ಅಪ್ಪನ ಮಾತೇ. ಅದನ್ನು ಈ ಸಲ ಅವರು ತಲೆ ತಗ್ಗಿಸಿ ತೆಗೆದುಕೊಂಡರು.

ಅಲ್ಲಿಂದ ನೇರ ರುದ್ರಭೂಮಿಗೆ ಹೋದರು. ಗುರುಸಿದ್ದನ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಹಿಂದಿನ ದಿನ ಆರಾಧನೆಗೆ ಹಾಕಿದ ಚೆಂಡು ಹೂವುಗಳು ಬಾಡಿದ್ದವು. ಬಾಡಿದ್ದನ್ನು ಆಯ್ದು ಪಕ್ಕಕ್ಕಿಟ್ಟು, ಮಣ್ಣಿನ ಮೇಲೆ ವಿಭೂತಿ ಇಟ್ಟು, ಬಿಸಿಲಲ್ಲಿ ಚಪ್ಪಲಿ ಬಿಟ್ಟು ನಿಂತು ಕೈ ಮುಗಿದರು. ಯಾರೂ ಇರಲಿಲ್ಲ. ಅದಕ್ಕೇ ಬಾಯಿ ಬಿಟ್ಟೇ ಹೇಳಿದರು.

"ಶಿವನೇ, ಇವನು ನನಗೆ ಒಂದು ದಿನವೂ ಕೇಡು ಬಗೆದವನಲ್ಲ. ಕಾರಿನಲ್ಲಿ ಕೂತವರ ನೋವು ಇವನ ಕೈಗೆ ತಿಳಿಯುತ್ತಿತ್ತು. ಆ ಕೈ ನೀನು ಕೊಟ್ಟದ್ದು, ನನಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ನಲವತ್ತು ವರ್ಷ ಇವನ ಮೇಲೆ ಉರಿದೆ, ನಿನ್ನನ್ನು ಕೇಳಲಿಲ್ಲ. ಇವತ್ತೂ ಆ ಉರಿ ಪೂರಾ ಹೋಗಿಲ್ಲ. ನಿನ್ನ ಮುಂದೆ ಮುಚ್ಚಿಡುವುದೇನು. ಅದನ್ನು ನಾನು ಇಲ್ಲಿದ್ದು ಸವೆಸುತ್ತೇನೆ. ಅದರ ಬಿಸಿ ಇವನಿಗೆ ತಾಗದಿರಲಿ. ಇವನ ಹೆಸರಿಗೆ ನಾನು ಹಚ್ಚಿದ ಮಸಿ ಇವನ ಮಗಳ ಬಾಗಿಲಿಗೆ ಬಾರದಿರಲಿ. ದಣಿದು ಬಂದಿದ್ದಾನೆ, ನಿನ್ನ ಪಾದದಲ್ಲಿ ಜಾಗ ಕೊಡು. ನನ್ನ ತಮ್ಮ ಗುರುಸಿದ್ದ ಶಾಂತಿಯಿಂದ ಇರಲಿ."